ಹಳೇ ಫ್ಯಾಕ್ಟರಿ ಜಾಗ ಕೊಳ್ಳುವ ಮೊದಲು ಮಣ್ಣು ಅಗೆದು ನೋಡಿ

ಬೆಂಗಳೂರಿನ ರಾಜಾಜಿನಗರ, ಯಶವಂತಪುರ, ಮೈಸೂರು ರಸ್ತೆ, ಪೀಣ್ಯದ ಅಂಚು, ಇಲ್ಲೆಲ್ಲ ಹಳೇ ಶೆಡ್‌ಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಮಶೀನುಗಳು ದಾಬಸ್‌ಪೇಟೆಗೋ ನರಸಾಪುರಕ್ಕೋ ಹೋಗುತ್ತವೆ. ಗೇಟಿಗೆ 'ಮಾರಾಟಕ್ಕಿದೆ' ಬೋರ್ಡ್ ಬೀಳುತ್ತದೆ. ರಸ್ತೆ ಅಗಲ ಇದೆ, ಮೆಟ್ರೋ ಹತ್ತಿರ, ದರವೂ ಪಕ್ಕದ ವಸತಿ ಸೈಟಿಗಿಂತ ಕಡಿಮೆ. ಅಪಾರ್ಟ್‌ಮೆಂಟ್, ಪಿ.ಜಿ., ಶಾಲೆ, ಯಾವುದಕ್ಕಾದರೂ ಸೈ ಅನ್ನಿಸುತ್ತದೆ. ದರ ಯಾಕೆ ಕಡಿಮೆ ಅಂತ ಕೇಳಬೇಕಾದ್ದು ಆಗಲೇ.

ನನಗೆ ಗೊತ್ತಿರುವ ಒಂದು ಕುಟುಂಬ ಇಂಥದ್ದೇ ಶೆಡ್ ಕೊಂಡಿತು. ಹಿಂದೆ ಅಲ್ಲಿ ಕ್ರೋಮ್ ಪ್ಲೇಟಿಂಗ್, ಅಂದರೆ ಲೋಹಕ್ಕೆ ಕ್ರೋಮಿಯಂ ಲೇಪ ಹಾಕುವ ಕೆಲಸ ನಡೆಯುತ್ತಿತ್ತು. ನೋಂದಣಿ ಆಯಿತು, ಶೆಡ್ ಕೆಡವಿದರು, ಪಾಯ ಅಗೆದರು. ಒಂದು ಮಳೆ ಬಿದ್ದ ಮೇಲೆ ನೋಡಿದರೆ ಗುಂಡಿಯಲ್ಲಿ ನಿಂತ ನೀರು ನಿಂಬೆಹಣ್ಣಿನ ಹಳದಿ. ಕೆಲಸ ನಿಂತಿತು. ಸಾಲದ ಬಡ್ಡಿ ನಿಲ್ಲಲಿಲ್ಲ. ಕೊಳ್ಳುವ ಮೊದಲು ಅವರು ಇಬ್ಬರು ವಕೀಲರಿಗೆ ಪತ್ರ ತೋರಿಸಿದ್ದರು. ಮಣ್ಣನ್ನು ಯಾರಿಗೂ ತೋರಿಸಿರಲಿಲ್ಲ. ಅವರಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಅಲ್ಲಿ ಏನು ತಯಾರಾಗುತ್ತಿತ್ತು?

ಎಲ್ಲ ಹಳೇ ಕಾರ್ಖಾನೆ ಜಾಗವೂ ಕೆಟ್ಟಿರುವುದಿಲ್ಲ. ಗಾರ್ಮೆಂಟ್ಸ್ ಹೊಲಿಯುತ್ತಿದ್ದ ಕಟ್ಟಡಕ್ಕೂ ಪ್ಲೇಟಿಂಗ್ ಶಾಪಿಗೂ ಅಜಗಜಾಂತರ ವ್ಯತ್ಯಾಸ. ಹಿಂದಿನ ಕಸುಬು ಗೊತ್ತಾದರೆ ನೆಲದಲ್ಲಿ ಏನು ಹುಡುಕಬೇಕು ಅನ್ನುವುದೂ ಅರ್ಧ ಗೊತ್ತಾದ ಹಾಗೆ.

ಪ್ಲೇಟಿಂಗ್ ಅಂದರೆ ಕ್ರೋಮಿಯಂ, ನಿಕ್ಕಲ್, ಸಯನೈಡ್. ಹಳೇ ಬ್ಯಾಟರಿ ಒಡೆದು ಕರಗಿಸುತ್ತಿದ್ದ ಜಾಗ ಅಂದರೆ ಸೀಸ. ಹಳೇ ಟ್ರಾನ್ಸ್‌ಫಾರ್ಮರ್ ರಿಪೇರಿ ಜಾಗದಲ್ಲಿ ಎಣ್ಣೆಯ ಜೊತೆ ಪಿ.ಸಿ.ಬಿ. ಅನ್ನುವ ವಿಷಕಾರಿ ರಾಸಾಯನಿಕ ಇರಬಹುದು. ಪೆಟ್ರೋಲ್ ಬಂಕ್ ಆಗಿದ್ದರೆ ನೆಲದೊಳಗಿನ ಟ್ಯಾಂಕ್ ಸೋರಿ ಬೆಂಜೀನ್ ಇಳಿದಿರಬಹುದು. ಮಶೀನ್ ಶಾಪ್ ಬಗ್ಗೆ ಜನ ಯೋಚನೆಯನ್ನೇ ಮಾಡುವುದಿಲ್ಲ. ಆದರೆ ಲೋಹದ ಜಿಡ್ಡು ತೆಗೆಯಲು ಟ್ರೈಕ್ಲೋರೋಎಥಿಲೀನ್ ಬಳಸಿದ್ದರೆ ಕಥೆಯೇ ಬೇರೆ. ಅದು ನೀರಿಗಿಂತ ಭಾರ. ನೀರಿನ ಮೇಲೆ ತೇಲದೆ ಕೆಳಕ್ಕೆ ಕೆಳಕ್ಕೆ ಇಳಿದು ಬಂಡೆಯ ಬಿರುಕು ಸೇರುತ್ತದೆ. ಅದರ ಆವಿ ಮೇಲಕ್ಕೆ ಬಂದು ಬೇಸ್‌ಮೆಂಟಿನ ನೆಲದ ಸಂದಿಯಿಂದ ಮನೆಯೊಳಗೂ ನುಗ್ಗುತ್ತದೆ.

ಕ್ರೋಮಿಯಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಪೀಣ್ಯದ ಸುತ್ತ ಅಂತರ್ಜಲದಲ್ಲಿ ಸಿಕ್ಕಿರುವುದು ಇದೇ. ಕ್ರೋಮಿಯಂ ಎರಡು ರೂಪದಲ್ಲಿ ಸಿಗುತ್ತದೆ. ಟ್ರೈವೇಲೆಂಟ್ ರೂಪ ಮಣ್ಣಿಗೆ ಅಂಟಿಕೊಂಡು ಹೆಚ್ಚು ಓಡಾಡುವುದಿಲ್ಲ. ಹೆಕ್ಸಾವೇಲೆಂಟ್ ರೂಪ ನೀರಿನ ಜೊತೆ ಸಲೀಸಾಗಿ ಹೋಗುತ್ತದೆ, ಕ್ಯಾನ್ಸರ್ ತರುವಂಥದ್ದು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಅಂತ ಭಾರತೀಯ ಮಾನಕ ಹೇಳುತ್ತದೆ. ಕಣ್ಣಿಗೆ ಹಳದಿ ಕಾಣುವ ಹೊತ್ತಿಗೆ ಆ ಮಿತಿ ಎಷ್ಟೋ ಪಟ್ಟು ದಾಟಿ ಆಗಿರುತ್ತದೆ. ಹಾಗಾಗಿ "ಬೋರ್ ನೀರು ತಿಳಿಯಾಗಿದೆ ಸಾರ್" ಅನ್ನುವ ಮಾತಿಗೆ ಬೆಲೆ ಕೊಡಬೇಡಿ.

ಎರಡನೆಯದು: ಕಾಗದ, ಆಮೇಲೆ ಹಳೇ ಕೆಲಸಗಾರರು

ಟೈಟಲ್, ಖಾತಾ, ಋಣಭಾರದ ಇ.ಸಿ., ಇವನ್ನು ಹೇಗೂ ನೋಡುತ್ತೀರಿ. ಇದರ ಜೊತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾಗದಗಳನ್ನೂ ಕೇಳಿ. ಕಾರ್ಖಾನೆ ಸ್ಥಾಪಿಸಲು ಕೊಟ್ಟ ಸಮ್ಮತಿ, ನಡೆಸಲು ಕೊಟ್ಟ ಸಮ್ಮತಿ, ಅದರಲ್ಲಿ ಬರೆದಿರುವ ರಾಸಾಯನಿಕಗಳ ಪಟ್ಟಿ, ಬಂದಿರುವ ನೋಟಿಸುಗಳು. ಅಪಾಯಕಾರಿ ತ್ಯಾಜ್ಯದ ವಾರ್ಷಿಕ ಲೆಕ್ಕ ನಮೂನೆ 4ರಲ್ಲಿ ಇರುತ್ತದೆ. ತ್ಯಾಜ್ಯ ಹೊರಗೆ ಹೋದಾಗ ಬರೆಯುವ ಮ್ಯಾನಿಫೆಸ್ಟ್ ನಮೂನೆ 10. ಮಾರುವವರು ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಮಂಡಳಿಗೆ ಅರ್ಜಿ ಹಾಕಿ.

ಈ ಕಾಗದಗಳಲ್ಲಿ ಬರೆದದ್ದಕ್ಕಿಂತ ಬರೆಯದೇ ಇರುವುದನ್ನು ಗಮನಿಸಿ. ಹತ್ತು ವರ್ಷ ಪ್ಲೇಟಿಂಗ್ ಮಾಡಿದ್ದಾರೆ, ಒಂದೂ ಮ್ಯಾನಿಫೆಸ್ಟ್ ಇಲ್ಲ ಅಂದರೆ ಅಷ್ಟು ವರ್ಷದ ಸ್ಲಡ್ಜ್, ಅಂದರೆ ಕೆಸರಿನಂಥ ತ್ಯಾಜ್ಯ, ಎಲ್ಲಿ ಹೋಯಿತು? ಇನ್ನೊಂದು ಮಾತು. ನಮ್ಮಲ್ಲಿ ಜಲ ಮಾಲಿನ್ಯ ಕಾಯ್ದೆ ಬಂದದ್ದು 1974ರಲ್ಲಿ. ಅಪಾಯಕಾರಿ ತ್ಯಾಜ್ಯದ ನಿಯಮ ಬಂದದ್ದು 1989ರಲ್ಲಿ. ಅದಕ್ಕೂ ಹಳೇ ಕಾರ್ಖಾನೆಯಾದರೆ ಮೊದಲ ವರ್ಷಗಳ ದಾಖಲೆ ಹುಡುಕುವುದೇ ವ್ಯರ್ಥ.

ಆಗ ಉಳಿಯುವುದು ಜನರ ನೆನಪು. ಅಲ್ಲಿ ಕೆಲಸ ಮಾಡಿದವರು ಅದೇ ಬಡಾವಣೆಯಲ್ಲಿ ಇನ್ನೂ ಇರುತ್ತಾರೆ. ಹೋಗಿ ಮಾತಾಡಿಸಿ. ಟ್ಯಾಂಕುಗಳು ಯಾವ ಗೋಡೆಯ ಪಕ್ಕ ಇದ್ದವು? ತೊಳೆದ ನೀರು ಎಲ್ಲಿಗೆ ಹೋಗುತ್ತಿತ್ತು? ಹಿತ್ತಲಲ್ಲಿ ಇಂಗುಗುಂಡಿ ಇತ್ತಾ? ಬತ್ತಿದ ಬೋರ್‌ವೆಲ್ ಒಳಕ್ಕೆ ಏನಾದರೂ ಬಿಡುತ್ತಿದ್ದರಾ? ಈ ಕೊನೆಯ ಪ್ರಶ್ನೆ ಮರೆಯಬೇಡಿ. ಕ್ರೋಮ್ ಟ್ಯಾಂಕಿನ ಹತ್ತಿರ ವರ್ಷಗಟ್ಟಲೆ ನಿಂತವರಲ್ಲಿ ಕೆಲವರಿಗೆ ಮೂಗಿನ ಒಳಗೋಡೆಯೇ ತೂತಾಗಿರುತ್ತದೆ. ಅವರ ಮಾತನ್ನು ಗೌರವದಿಂದ ಕೇಳಿ. ಆ ನೆಲ ಅವರಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಶೆಡ್ಡಿನೊಳಗೂ ಓಡಾಡಿ ನೋಡಿ. ಗೋಡೆಯ ಬುಡದಲ್ಲಿ ಹಳದಿ-ಹಸಿರು ಹರಳು, ಆ್ಯಸಿಡ್ ತಿಂದು ಹಾಕಿದ ಕಾಂಕ್ರೀಟ್ ನೆಲ, ಮಳೆಗಾಲದಲ್ಲೂ ಹುಲ್ಲು ಹುಟ್ಟದ ಮೂಲೆ. ಎಲ್ಲದರ ಫೋಟೋ ತೆಗೆದು ನಕ್ಷೆಯಲ್ಲಿ ಗುರುತು ಹಾಕಿ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರಗಳೂ ಸಿಗುತ್ತವೆ. ಈಗ ಸಿಮೆಂಟ್ ಹಾಕಿದ ಜಾಗದಲ್ಲಿ ಮೊದಲು ಹೊಂಡ ಇತ್ತಾ ಅನ್ನುವುದು ಕೆಲವು ಸಲ ಅದರಲ್ಲೇ ಕಾಣುತ್ತದೆ.

ಮೂರನೆಯದು: ಮಣ್ಣು, ನೀರಿನ ಪರೀಕ್ಷೆ

ಕಟ್ಟಡದ ಭಾರ ತಾಳುತ್ತದಾ ಅಂತ ನೋಡುವ ಸಾಯಿಲ್ ಟೆಸ್ಟ್ ಬೇರೆ, ಇದು ಬೇರೆ. ಒಂದರ ರಿಪೋರ್ಟ್ ತೋರಿಸಿ ಇನ್ನೊಂದು ಆಗಿದೆ ಅನ್ನುವವರಿದ್ದಾರೆ, ಹುಷಾರು.

ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್.ಎ.ಬಿ.ಎಲ್.ನ ಮಾನ್ಯತೆ ಇರುವ ಲ್ಯಾಬ್ ಹಿಡಿಯಿರಿ. ಬರೀ ಮಾನ್ಯತೆ ಇದ್ದರೆ ಸಾಲದು. ನಿಮಗೆ ಬೇಕಾದ ಪರೀಕ್ಷೆ, ಅಂದರೆ ಮಣ್ಣಿನ ಹೆಕ್ಸಾವೇಲೆಂಟ್ ಕ್ರೋಮಿಯಮ್ಮೋ ಸೀಸವೋ, ಅವರ ಮಾನ್ಯತೆಯ ಪಟ್ಟಿಯಲ್ಲಿ ಇದೆಯಾ ನೋಡಿ. ಮಾದರಿ ತೆಗೆಯಲು ಲ್ಯಾಬಿನವರೇ ಬರಲಿ, ನೀವೂ ನಿಂತಿರಿ. ಮೇಲ್ಮಣ್ಣು, ಅರ್ಧ ಮೀಟರ್, ಒಂದು ಮೀಟರ್, ಎರಡು ಮೀಟರ್, ಹೀಗೆ ತುಂಬಿದ ಮಣ್ಣು ಮುಗಿದು ಮೂಲ ಮಣ್ಣು ಸಿಗುವವರೆಗೆ ಇಳಿಯಬೇಕು. ಟ್ಯಾಂಕ್ ಇದ್ದ ಜಾಗ, ಇಂಗುಗುಂಡಿ, ಚರಂಡಿ, ಹಿತ್ತಲ ಮೂಲೆ, ಇವಕ್ಕೆ ತಪ್ಪದೆ ಒಂದೊಂದು ಕೊರೆತ. ಸುಮಾರು ಕಡೆಯ ಮಣ್ಣನ್ನು ಒಟ್ಟಿಗೆ ಕಲಸಿ ಒಂದೇ ಮಾದರಿ ಮಾಡುವುದಕ್ಕೆ ಒಪ್ಪಬೇಡಿ. ಖರ್ಚು ಉಳಿಯುತ್ತದೆ ನಿಜ. ಆದರೆ ಒಂದು ಮೂಲೆಯ ವಿಷ ಉಳಿದ ಮಣ್ಣಿನಲ್ಲಿ ಕರಗಿ ಕಾಣೆಯಾಗುತ್ತದೆ. ಪೆಟ್ರೋಲ್, ಟ್ರೈಕ್ಲೋರೋಎಥಿಲೀನ್ ಥರದ ಆವಿಯಾಗುವ ವಸ್ತುಗಳಿಗೆ ಗಾಜಿನ ಬಾಟಲಿ, ಐಸ್ ಪೆಟ್ಟಿಗೆ ಬೇಕೇ ಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸಂಜೆವರೆಗೆ ಬಿಸಿಲಲ್ಲಿಟ್ಟರೆ ಏನೂ ಸಿಗುವುದಿಲ್ಲ.

ಬೋರ್ ನೀರಿನದೂ ಮಾಡಿಸಿ. ಪಕ್ಕದ ಮನೆಯವರು ಒಪ್ಪಿದರೆ ಅವರ ಬೋರಿನದೂ ಆಗಲಿ. ನಮ್ಮ ಕಡೆ ಮೇಲೆ ಸಡಿಲ ಮಣ್ಣು, ಕೆಳಗೆ ಗಟ್ಟಿ ಬಂಡೆ, ನಡುವೆ ಬಿರುಕುಗಳು. ಬೋರಿನ ಕೇಸಿಂಗ್ ಪೈಪ್ ಸಾಮಾನ್ಯವಾಗಿ ಬಂಡೆ ಸಿಗುವವರೆಗೆ ಮಾತ್ರ. ಆ ಪೈಪ್ ತುಕ್ಕು ಹಿಡಿದರೆ ಮೇಲಿನ ವಿಷಕ್ಕೆ ಆಳದ ನೀರಿಗೆ ನೇರ ದಾರಿ ಸಿಕ್ಕ ಹಾಗೆ.

ರಿಪೋರ್ಟ್ ಬಂದ ಮೇಲೆ "ಮಿತಿಯೊಳಗೆ" ಅಂತ ಬರೆದಿದ್ದರೆ ಯಾವ ಮಿತಿ ಅಂತ ಕೇಳಿ. ಖರ್ಚು ನಿಂತಿರುವುದು ಈ ಪ್ರಶ್ನೆಯ ಮೇಲೆ. ಕೆನಡಾದ ಮಾರ್ಗಸೂಚಿಯನ್ನೇ ನೋಡಿ. ಒಂದು ಕೆ.ಜಿ. ಮಣ್ಣಿನಲ್ಲಿ ಸೀಸ, ಕಾರ್ಖಾನೆ ಜಾಗವಾದರೆ 600 ಮಿಲಿಗ್ರಾಂವರೆಗೆ ಸರಿ, ಮನೆ ಕಟ್ಟುವುದಾದರೆ 140. ಹೆಕ್ಸಾವೇಲೆಂಟ್ ಕ್ರೋಮಿಯಂ ಕಾರ್ಖಾನೆಗೆ 1.4, ಮನೆಗೆ 0.4. ಮಣ್ಣು ಅದೇ. ಆದರೆ ಮನೆಯಲ್ಲಿ ಮಗು ನೆಲದ ಮೇಲೆ ಆಡುತ್ತದೆ, ಕೈ ಬಾಯಿಗೆ ಹಾಕುತ್ತದೆ. ಕಾರ್ಖಾನೆಯಾಗಿ ಪಾಸಾದ ಜಾಗ ಮನೆಯಾಗಿ ಫೇಲಾಗುವುದು ಇದಕ್ಕೇ. ಕೊಡೈಕೆನಾಲ್‌ನ ಪಾದರಸದ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಮಣ್ಣಿನಲ್ಲಿ ಪಾದರಸ ಎಷ್ಟಕ್ಕೆ ಇಳಿಯಬೇಕು ಅನ್ನುವ ಜಗಳವೇ ಆಮೇಲೆ ವರ್ಷಗಟ್ಟಲೆ ನಡೆಯಿತು. ಕೆ.ಜಿ.ಗೆ 20 ಮಿಲಿಗ್ರಾಂ ಸಾಕು ಅಂತ ಒಂದು ಕಡೆ, ಅದು ಸಾಲದು ಅಂತ ಇನ್ನೊಂದು ಕಡೆ.

ನಾಲ್ಕನೆಯದು: ಲೆಕ್ಕ

ಪೆನ್ನು ಹಿಡಿದು ಕೂರಿ. 60×40 ಅಡಿಯ ಸೈಟು ಅಂದರೆ ಸುಮಾರು 223 ಚದರ ಮೀಟರ್. ಒಂದು ಮೀಟರ್ ಆಳ ಮಣ್ಣು ತೆಗೆದರೆ 223 ಘನ ಮೀಟರ್. ಘನ ಮೀಟರಿಗೆ 1.8 ಟನ್ ಅಂತ ಹಿಡಿದರೆ ಸುಮಾರು 400 ಟನ್. 16 ಟನ್ ಹೊರುವ ಟಿಪ್ಪರಿನಲ್ಲಿ 25 ಲೋಡ್. ಮೂರು ಮೀಟರ್ ತೆಗೆಯಬೇಕಾದರೆ 1,200 ಟನ್, 75 ಲೋಡ್. ಒಂದು ಎಕರೆಯಾದರೆ ಮೊದಲ ಮೀಟರೇ 7,000 ಟನ್ ದಾಟುತ್ತದೆ.

ಮಾಮೂಲಿ ಮಣ್ಣಾದರೆ ಯಾರಾದರೂ ತಗೊಂಡು ಹೋಗುತ್ತಾರೆ. ಅಪಾಯಕಾರಿ ತ್ಯಾಜ್ಯ ಅಂತ ರಿಪೋರ್ಟ್ ಬಂದರೆ ದಾಬಸ್‌ಪೇಟೆಯಲ್ಲಿರುವಂಥ ಅಧಿಕೃತ ವಿಲೇವಾರಿ ಘಟಕಕ್ಕೇ ಹೋಗಬೇಕು, ಟನ್ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು. ನೇರವಾಗಿ ಹೂಳುವುದಕ್ಕೆ ಒಂದು ದರ. ಸಿಮೆಂಟ್, ಸುಣ್ಣ ಸೇರಿಸಿ ಗಟ್ಟಿ ಮಾಡಿ ಹೂಳುವುದಕ್ಕೆ ಅದಕ್ಕಿಂತ ಜಾಸ್ತಿ. ಸುಡಬೇಕಾದರೆ ಇನ್ನೂ ಜಾಸ್ತಿ. ಭೋಪಾಲ್‌ನ ಹಳೇ ಕೀಟನಾಶಕ ಕಾರ್ಖಾನೆಯಲ್ಲಿ ಗೋದಾಮಿನಲ್ಲಿದ್ದ 337 ಟನ್ ತ್ಯಾಜ್ಯವನ್ನು 2025ರಲ್ಲಿ ಪೀಥಂಪುರಕ್ಕೆ ಸಾಗಿಸಿ ಸುಟ್ಟರು. ಅದಕ್ಕೆ ತೆಗೆದಿಟ್ಟ ಹಣ 126 ಕೋಟಿ ರೂಪಾಯಿ. ಅಲ್ಲಿನ ಮಣ್ಣು, ಅಂತರ್ಜಲ ಇನ್ನೂ ಹಾಗೇ ಇದೆ. ನಿಮ್ಮ ಜಾಗ ಭೋಪಾಲ್ ಅಲ್ಲ, ಆ ದರ ನಿಮಗೆ ಬೀಳುವುದಿಲ್ಲ. ಆದರೂ ಇಂಥ ತ್ಯಾಜ್ಯದ ವಿಲೇವಾರಿ ಎಷ್ಟು ದುಬಾರಿ ಆಗಬಹುದು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಪರೀಕ್ಷೆಗೆ ಹಾಕಿದ ದುಡ್ಡು ವಾಪಸ್ ಬರುವುದು ಇಲ್ಲೇ. ವಿಷ ಸೈಟಿನ ಕಾಲು ಭಾಗದಲ್ಲಿ ಮಾತ್ರ ಇದೆ ಅಂತ ಕೊರೆತಗಳು ತೋರಿಸಿದರೆ 400 ಟನ್ನಿನ ಬದಲು 100 ಟನ್ ಸಾಗಿಸಿದರೆ ಸಾಕು. ಗೊತ್ತಿಲ್ಲದೆ ಜೆಸಿಬಿ ಇಳಿಸಿದರೆ ಕೆಟ್ಟ ಮಣ್ಣು ಒಳ್ಳೆ ಮಣ್ಣಿನ ಜೊತೆ ಕಲೆತು ಎಲ್ಲವೂ ಕೆಟ್ಟ ಮಣ್ಣೇ ಆಗುತ್ತದೆ.

ಅಂತರ್ಜಲ ಕೆಟ್ಟಿದ್ದರೆ ಲೆಕ್ಕ ತಿಂಗಳಲ್ಲಿ ಮುಗಿಯುವುದಿಲ್ಲ. ನೀರೆತ್ತಿ ಶುದ್ಧ ಮಾಡುವ ಕೆಲಸ ವರ್ಷಗಟ್ಟಲೆ ನಡೆಯುತ್ತದೆ. ಕ್ರೋಮಿಯಂ ಆದರೆ ಫೆರಸ್ ಸಲ್ಫೇಟ್ ಥರದ ವಸ್ತು ಬಳಸಿ ಹೆಕ್ಸಾವೇಲೆಂಟನ್ನು ಟ್ರೈವೇಲೆಂಟ್ ಮಾಡಿ ಅಲ್ಲೇ ಕಟ್ಟಿಹಾಕುವ ದಾರಿಯೂ ಇದೆ. ಅನುಭವ ಇರುವ ತಜ್ಞರಿಲ್ಲದೆ ಕೈ ಹಾಕಬೇಡಿ.

ಕೊನೆಗೆ ಬಡ್ಡಿ. ಹತ್ತು ಕೋಟಿ ಸಾಲ, ವರ್ಷಕ್ಕೆ ನೂರಕ್ಕೆ 12 ಬಡ್ಡಿ ಅಂದರೆ ತಿಂಗಳಿಗೆ ಹತ್ತು ಲಕ್ಷ. ಒಂದು ವರ್ಷ ಕೆಲಸ ನಿಂತರೆ ಒಂದು ಕೋಟಿ 20 ಲಕ್ಷ. ಮಣ್ಣಿನ ಖರ್ಚಿಗಿಂತ ಇದೇ ಜಾಸ್ತಿ ಆಗುವುದೂ ಉಂಟು. ಇಷ್ಟೆಲ್ಲ ಕೂಡಿಸಿ ಜಾಗದ ದರದಿಂದ ಕಳೆಯಿರಿ. ಉಳಿದದ್ದೇ ನೀವು ಕೊಡಬೇಕಾದ ಬೆಲೆ. ಮಾರುವವರು ಒಪ್ಪದಿದ್ದರೆ ಎದ್ದು ಬನ್ನಿ.

ಐದನೆಯದು: ಕರಾರು

ದೊಡ್ಡ ಅಡ್ವಾನ್ಸ್ ಕೊಟ್ಟ ಮೇಲೆ ಪರೀಕ್ಷೆ ಮಾಡಿಸಿದರೆ ಕೈ ಕಟ್ಟಿದ ಹಾಗೆ. ಚಿಕ್ಕ ಟೋಕನ್ ಕೊಡಿ. ಪರೀಕ್ಷೆಗೆ ಅವಕಾಶ, ರಿಪೋರ್ಟ್ ಕೆಟ್ಟದ್ದು ಬಂದರೆ ಟೋಕನ್ ವಾಪಸ್, ಎರಡನ್ನೂ ಬರೆಸಿಕೊಳ್ಳಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವರಿಗೆ ಕಾಣದ ದೊಡ್ಡ ದೋಷ ಮಾರುವವರಿಗೆ ಗೊತ್ತಿದ್ದರೆ ಹೇಳಲೇಬೇಕು. ಹಾಗಾಗಿ ಪ್ರಶ್ನೆಗಳನ್ನು ಬಾಯಲ್ಲಿ ಕೇಳಬೇಡಿ, ಬರೆದು ಕೇಳಿ, ಬರೆದೇ ಉತ್ತರ ತಗೊಳ್ಳಿ. ಶುದ್ಧೀಕರಣ ಮುಗಿಯುವವರೆಗೆ ಬೆಲೆಯ ಒಂದು ಭಾಗ ತಡೆಹಿಡಿಯುವ ಷರತ್ತು ಹಾಕಿಸಿ. ಮುಂದೆ ಏನಾದರೂ ಬಂದರೆ ನಾವೇ ಹೊಣೆ ಅಂತ ಕಂಪನಿ ಬರೆದುಕೊಟ್ಟರೂ ಆ ಕಂಪನಿ ನಾಳೆ ಇರುತ್ತದಾ ನೋಡಿ. ಬಾಗಿಲು ಮುಚ್ಚಿದ ಕಂಪನಿಯ ಭರವಸೆಯಿಂದ ಟಿಪ್ಪರ್ ಬಾಡಿಗೆ ಕಟ್ಟಲು ಆಗುವುದಿಲ್ಲ.

ಬ್ಯಾಂಕ್ ಹರಾಜಾದರೆ ಇನ್ನೂ ಎಚ್ಚರ. ಅಲ್ಲಿ ಜಾಗ 'ಇದ್ದದ್ದು ಇದ್ದ ಹಾಗೆ, ಇದ್ದಲ್ಲೇ' ಮಾರಾಟ. ಆಮೇಲೆ ಕೇಳುವವರಿಲ್ಲ.

ಶೆಡ್ ಬಾಡಿಗೆಗೆ ಕೊಟ್ಟಿರುವ ಮಾಲೀಕರಿಗೂ ಒಂದು ಮಾತು. ಬಾಡಿಗೆದಾರರು ಬರುವ ಮೊದಲು ಒಮ್ಮೆ, ಬಿಡುವಾಗ ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿ. ಅದರ ಫಲ ನೋಡದೆ ಡಿಪಾಸಿಟ್ ವಾಪಸ್ ಕೊಡಬೇಡಿ. ಮುಂದೆ ಬಿಲ್ಡರ್ ಜೊತೆ ಜಂಟಿ ಅಭಿವೃದ್ಧಿಗೆ ಹೋದರೆ ಶುದ್ಧೀಕರಣದ ಖರ್ಚು ಯಾರದು ಅನ್ನುವ ಜಗಳ ಬರುವುದು ಖಂಡಿತ. ಆಗ ಈ ಎರಡು ರಿಪೋರ್ಟ್ ನಿಮ್ಮನ್ನು ಕಾಯುತ್ತವೆ.

ಆರನೆಯದು: ಕಾನೂನು ಎಲ್ಲಿವರೆಗೆ ಬರುತ್ತದೆ

ಕಾರ್ಖಾನೆ ಜಾಗದಲ್ಲಿ ಮನೆ ಕಟ್ಟಲು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಂ ಪ್ರಕಾರ ಭೂ ಬಳಕೆ ಬದಲಾವಣೆ ಬೇಕು. ಆ ಅನುಮತಿ ಸಿಕ್ಕಿದೆ ಅಂದರೆ ಮಣ್ಣು ಶುದ್ಧ ಅಂತ ಅರ್ಥ ಅಲ್ಲ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ದಾಟಿದರೆ ಪರಿಸರ ಅನುಮತಿಯೂ ಬೇಕು. ಇದಕ್ಕೂ ಇ.ಸಿ. ಅಂತಲೇ ಹೆಸರು, ಋಣಭಾರದ ಇ.ಸಿ. ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದಕ್ಕಿಂತ ಚಿಕ್ಕ ಕಟ್ಟಡವಾದರೆ ಆ ತಪಾಸಣೆಯೂ ಇಲ್ಲ, ಎಲ್ಲ ನಿಮ್ಮ ಮೇಲೇ.

2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೇ ಪ್ರತ್ಯೇಕ ನಿಯಮ ತಂದಿದೆ. ಜಿಲ್ಲಾಡಳಿತ ಅನುಮಾನದ ಜಾಗಗಳ ಪಟ್ಟಿ ಕೊಡಬೇಕು. ರಾಜ್ಯ ಮಂಡಳಿ 90 ದಿನದಲ್ಲಿ ಪ್ರಾಥಮಿಕ ತಪಾಸಣೆ, ಆಮೇಲೆ ಮೂರು ತಿಂಗಳಲ್ಲಿ ವಿವರ ತಪಾಸಣೆ ಮುಗಿಸಬೇಕು. ಕೆಡಿಸಿದವರೇ ಖರ್ಚು ಕೊಡಬೇಕು. ಅವರು ಸಿಗದಿದ್ದರೆ ಕೇಂದ್ರ, ರಾಜ್ಯ ಸರ್ಕಾರಗಳು ವ್ಯವಸ್ಥೆ ಮಾಡಬೇಕು. ಒಳ್ಳೆಯ ಹೆಜ್ಜೆ, ಬಹಳ ತಡವಾಗಿ ಬಂದದ್ದು. ಆದರೆ ಗಣಿ ತ್ಯಾಜ್ಯವನ್ನು ಇದರಿಂದ ಹೊರಗಿಟ್ಟಿದ್ದಾರೆ. ಕೆ.ಜಿ.ಎಫ್.ನ ಸಯನೈಡ್ ದಿಬ್ಬಗಳ ಧೂಳು ಕುಡಿದ ಜನರನ್ನು ನೆನೆದರೆ ಇದು ನನಗೆ ಸಂಕಟ ತರುತ್ತದೆ.

ಕೆಡಿಸಿದವರೇ ಕೊಡಲಿ ಅನ್ನುವುದು ಹೊಸ ಮಾತೇನಲ್ಲ. ರಾಜಸ್ಥಾನದ ಬಿಛ್ರಿಯಲ್ಲಿ ರಾಸಾಯನಿಕ ಕಾರ್ಖಾನೆಗಳು ಬಾವಿಗಳನ್ನು ಹಾಳು ಮಾಡಿದಾಗ ಸುಪ್ರೀಂ ಕೋರ್ಟ್ 1996ರಲ್ಲೇ ಹಾಗೆ ತೀರ್ಪು ಕೊಟ್ಟಿತ್ತು. ದುಡ್ಡು ಬರಲಿಲ್ಲ. 2011ರಲ್ಲಿ ಕೋರ್ಟ್ ಮತ್ತೆ 37.385 ಕೋಟಿಯನ್ನು ಚಕ್ರಬಡ್ಡಿ ಸಮೇತ ಕಟ್ಟಿ ಅಂತ ಹೇಳಬೇಕಾಯಿತು. ಕಾನೂನು ನಿಮ್ಮ ಕಡೆ ಇದ್ದರೂ ಅಷ್ಟು ವರ್ಷ ಬಡ್ಡಿ ಕಟ್ಟಿಕೊಂಡು ಕಾಯಲು ಆಗುತ್ತದಾ?

ಏಳನೆಯದು: ಕೆಡವುವಾಗ, ಅಗೆಯುವಾಗ, ಕಟ್ಟುವಾಗ

ಕೂಲಿಯವರ ಜೀವ ಮೊದಲು. ಪ್ಲೇಟಿಂಗ್ ಶಾಪಿನ ಹಳೇ ತೊಟ್ಟಿಯಲ್ಲಿ ಸಯನೈಡ್ ಸ್ಲಡ್ಜ್ ಉಳಿದಿದ್ದು ಅದಕ್ಕೆ ಆ್ಯಸಿಡ್ ತಗುಲಿದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ. ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಗಾಳಿ ಪರೀಕ್ಷೆ ಮಾಡದೆ ಯಾರನ್ನೂ ತೊಟ್ಟಿಗೆ, ಸಂಪ್‌ಗೆ ಇಳಿಸಬೇಡಿ. ಆ್ಯಸ್ಬೆಸ್ಟಾಸ್ ಶೀಟುಗಳನ್ನು ಮೇಲಿಂದ ಎಸೆದು ಒಡೆಯಬೇಡಿ. ನೀರು ಹಾಕಿ ಒದ್ದೆ ಮಾಡಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿ.

ಅಗೆಯುವ ಕೆಲಸ ಜನವರಿಯಲ್ಲಿ ಶುರುವಾಗಿ ಬೇಸಿಗೆ ಮಳೆಗೆ ಮುಂಚೆ ಮುಗಿಯಲಿ. ಮಣ್ಣು ರಾಶಿಗೆ ಕೆಳಗೊಂದು, ಮೇಲೊಂದು ಟಾರ್ಪಾಲ್. ಬೇಸ್‌ಮೆಂಟ್ ಆಳ ಹೋದಷ್ಟೂ ಪಂಪ್ ಹಾಕಿ ನೀರು ಎಳೆಯಬೇಕಾಗುತ್ತದೆ. ಆಗ ಪಕ್ಕದ ಜಾಗದ ಕೆಟ್ಟ ನೀರೂ ನಿಮ್ಮ ಕಡೆಗೇ ಹರಿದು ಬರುತ್ತದೆ. ಅದನ್ನು ಪರೀಕ್ಷೆ ಮಾಡದೆ ರಾಜಕಾಲುವೆಗೆ ಬಿಟ್ಟರೆ ಮುಂದಿನ ಕೆರೆ ಹಾಳು. ಸಾಧ್ಯವಾದರೆ ಒಂದು ಬೇಸ್‌ಮೆಂಟ್ ಕಡಿಮೆ ಮಾಡಿ.

ಹೆಚ್ಚಿನವರು ಗಮನಿಸದ ಒಂದು ವಿಷಯ ಮಳೆನೀರು ಕೊಯ್ಲು. ಬೆಂಗಳೂರಿನಲ್ಲಿ ಅದು ಕಡ್ಡಾಯ, ಒಳ್ಳೆಯದೂ ಹೌದು. ಆದರೆ ಕೆಟ್ಟ ಮಣ್ಣು ಉಳಿದಿರುವ ಕಡೆ ಇಂಗುಗುಂಡಿ ತೋಡಿದರೆ ಪ್ರತಿ ಮಳೆಯೂ ಆ ವಿಷವನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತದೆ. ಅಂಥ ಜಾಗದಲ್ಲಿ ನೀರನ್ನು ಇಂಗಿಸದೆ ಟ್ಯಾಂಕಿನಲ್ಲಿ ಸಂಗ್ರಹಿಸಿ. ಹಳೇ ಬೋರ್‌ಗಳನ್ನು ಸುಮ್ನೆ ಕಲ್ಲು ತುಂಬಿ ಬಿಡದೆ ಸಿಮೆಂಟಿನಿಂದ ಸರಿಯಾಗಿ ಮುಚ್ಚಿಸಿ.

ಟಿಪ್ಪರುಗಳ ಮೇಲೆ ಕಣ್ಣಿರಲಿ. ರಾತ್ರಿ ಹೊರಟ ಲೋಡು ಯಾವುದೋ ಕೆರೆಯಂಗಳಕ್ಕೋ ಹೊಸ ಲೇಔಟಿಗೋ ಬಿದ್ದರೆ ನಿಮ್ಮ ಸೈಟಿನ ವಿಷ ಇನ್ನೊಬ್ಬರ ಮನೆ ಕೆಳಗೆ ಹೋಗಿ ಕೂರುತ್ತದೆ. ಪ್ರತಿ ಲೋಡಿಗೂ ಮ್ಯಾನಿಫೆಸ್ಟ್, ವೇಬ್ರಿಡ್ಜ್ ಚೀಟಿ, ವಿಲೇವಾರಿ ಘಟಕದ ರಸೀದಿ, ಮೂರೂ ಕೈಗೆ ಬಂದ ಮೇಲೆ ಕಂಟ್ರಾಕ್ಟರಿಗೆ ದುಡ್ಡು ಕೊಡಿ. ತೆಗೆದ ಗುಂಡಿಯ ತಳ ಮತ್ತು ಬದಿಯ ಮಣ್ಣನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಅದು ಸರಿ ಬಂದ ಮೇಲೆ ಹೊಸ ಮಣ್ಣು ತುಂಬಿ. ತುಂಬುವ ಮಣ್ಣು ಎಲ್ಲಿಂದ ಬಂತು ಅಂತಲೂ ಕೇಳಿ.

ಈ ಎಲ್ಲ ರಿಪೋರ್ಟು, ರಸೀದಿ, ಕೊರೆತಗಳ ನಕ್ಷೆ, ಎಲ್ಲೆಲ್ಲಿ ಕೆಟ್ಟ ಮಣ್ಣು ಹಾಗೇ ಉಳಿದಿದೆ ಅನ್ನುವ ಗುರುತು, ಒಂದು ಫೈಲಿನಲ್ಲಿ ಇಡಿ. ಫ್ಲ್ಯಾಟ್ ಕೊಳ್ಳಲು ಬಂದವರು ಕೇಳಿದರೆ ತೋರಿಸಿ, ಕೇಳದಿದ್ದರೂ ತೋರಿಸಿ. ಅಪಾರ್ಟ್‌ಮೆಂಟ್ ಸಂಘ ಆದ ದಿನ ಅದರ ಒಂದು ಪ್ರತಿಯನ್ನು ಅವರ ಕೈಗೆ ಕೊಡಿ. ಇಪ್ಪತ್ತು ವರ್ಷದ ಮೇಲೆ ಅಲ್ಲಿ ಯಾರಾದರೂ ಹೊಸ ಬೋರ್ ಕೊರೆಸಲು ಹೊರಟರೆ ಅವರು ಮೊದಲು ನೋಡಬೇಕಾದ್ದು ಆ ನಕ್ಷೆಯನ್ನೇ.